ಜೆ.ಪಿ. ನಗರದ ಹೊಸ ಬಿಯರ್ ಮನೆಗೆ ಹೋಗಿ ಬಂದಿದ್ದು

ಶುಕ್ರವಾರ

ಧಾರವಾಡದಿಂದ ವಂದೇ ಭಾರತ್ ಹತ್ತಿದರೆ ಕತ್ತಲಾಗೋ ಹೊತ್ತಿಗೆ ಬೆಂಗಳೂರು. ಹಾವೇರಿ ದಾಟುವವರೆಗೂ ಜಿಟಿಜಿಟಿ ಮಳೆ, ದಾವಣಗೆರೆಯಲ್ಲಿ ಚುರುಕು ಬಿಸಿಲು, ಬೆಂಗಳೂರಿನಲ್ಲಿ ಇಳಿದಾಗ ಧೋ ಅಂತ ಸುರಿಯುತ್ತಿತ್ತು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿದು ಜೆ.ಪಿ. ನಗರದಲ್ಲಿ ಇಳಿದೆ. ಗೆಳೆಯ ಕೊಡೆ ಹಿಡಿದು ನಿಂತಿದ್ದ. ಕರ್ನಾಟಕ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು ನಾವು. ಅವನು ಬೆಂಗಳೂರು ಸೇರಿ ಬಹಳ ವರ್ಷ ಆಯಿತು. ಭಾಷೆ ಮಾತ್ರ ಹಾಗೇ ಇದೆ.

“ನಮ್ಮ ಮನಿ ಹಿಂದಿನ ರಸ್ತೇದಾಗ ಬಿಯರ್ ಮಾಡೂದು ಚಾಲೂ ಆಗೇತಿ. ನಡಕೋತ ಹೋಗಿ ನಡಕೋತ ಬರಬಹುದು. ಬಾರಲೇ” ಅಂತ ಫೋನಿನಲ್ಲಿ ಹೇಳಿದ್ದ. ನಾನು ಬಂದಿದ್ದು ಅಷ್ಟಕ್ಕೇ.

ಬೆಂಗಳೂರಿನಲ್ಲಿ ಸ್ವಂತ ಬಿಯರ್ ತಯಾರಿಸುವ ಜಾಗಗಳು ಹೊಸದಲ್ಲ. ಇಂದಿರಾನಗರದ ಟಾಯ್ಟ್ 2010ರಲ್ಲೇ ಶುರುವಾಯಿತು. ಆಮೇಲೆ ವೈಟ್‌ಫೀಲ್ಡ್, ಕೋರಮಂಗಲ, ಹೆಣ್ಣೂರು ಅಂತ ಎಲ್ಲ ಕಡೆ ಬಂದವು. ಅವು ಮದುವೆ ಮಂಟಪದಷ್ಟು ದೊಡ್ಡವು. ಕೆಲವದರಲ್ಲಿ ಕೊಳ, ಸೇತುವೆ ಎಲ್ಲ ಇದೆ. ಇಲ್ಲಿ ಹಾಗಿಲ್ಲ ಅಂದಿದ್ದ ಗೆಳೆಯ. ಬಡಾವಣೆಯ ಒಳಗಿನ ಅಡ್ಡರಸ್ತೆಗೆ ಅಂಟಿಕೊಂಡ ಮೂರಂತಸ್ತಿನ ಕಟ್ಟಡ. ಕೆಳಗೆ ಟ್ಯಾಂಕುಗಳು, ಮೇಲೆ ಕೂರುವ ಜಾಗ. ಅದರ ಹೆಸರು ಇಲ್ಲಿ ಹೇಳಲ್ಲ. ಇನ್ನೂ ಐದಾರು ವಾರದ ಕೂಸು, ಸ್ವಲ್ಪ ಕಾಲೂರಲಿ.

ಚೀಲ ಮನೆಯಲ್ಲಿಟ್ಟು ನೇರ ಅಲ್ಲಿಗೇ ಹೋದೆವು. ಬಾಗಿಲಲ್ಲಿ ನಲವತ್ತು ಜನ. ಪುಸ್ತಕ ಹಿಡಿದ ಹುಡುಗ ಹೆಸರು ಬರೆದುಕೊಂಡು “ಎರಡು ಗಂಟೆ ಆಗುತ್ತೆ ಸರ್” ಅಂದ. ಮಳೆಯಲ್ಲಿ ನಿಲ್ಲಲು ಒಂದು ಹಾಳೆಯಷ್ಟೂ ಸೂರಿಲ್ಲ. ರಸ್ತೆಯ ಎರಡೂ ಬದಿ ಕಾರು. ಎದುರು ಮನೆಯ ಗೇಟಿನ ಮುಂದೆಯೇ ಒಂದು ದೊಡ್ಡ ಬಿಳಿ ಕಾರು ನಿಂತಿತ್ತು. ಆ ಮನೆಯ ಹಿರಿಯರು ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ಬಂದಿದ್ದರು. ಗೆಳೆಯನನ್ನು ಕಂಡು ಕೊಡೆಯ ಕೆಳಗೆ ಬಂದು ನಿಂತರು.

“ನೋಡಿ ಇವ್ರೇ, ಕುಡಿಯೋರು ಕುಡೀಲಿ. ನನ್ನದೇನೂ ತಕರಾರಿಲ್ಲ. ಆದ್ರೆ ನಾವು ಟ್ಯಾಂಕರ್ ನೀರು ಕೊಂಡು ಸ್ನಾನ ಮಾಡಿದ್ದು ಮರೆತಿಲ್ಲ. ಇವ್ರಿಗೆ ನೀರು ಎಲ್ಲಿಂದ ಬರುತ್ತೆ?”

ನೀರಿಗೆ ಪರದಾಡಿದ 2024ರ ಬೇಸಿಗೆಯನ್ನು ಬೆಂಗಳೂರಿನವರು ಅಷ್ಟು ಸುಲಭಕ್ಕೆ ಮರೆಯಲ್ಲ. ಪ್ರಶ್ನೆ ಸರಿಯಾಗೇ ಇತ್ತು. ಒಂದು ಲೀಟರ್ ಬಿಯರ್ ಅಂದರೆ ಒಂದು ಲೀಟರ್ ನೀರಲ್ಲ. ದೊಡ್ಡ ಕಾರ್ಖಾನೆಗಳಲ್ಲೇ ತೊಳೆಯೋದು, ತಣಿಸೋದು ಸೇರಿ ನಾಲ್ಕೈದು ಲೀಟರ್ ಹೋಗುತ್ತೆ. ಚಿಕ್ಕ ಜಾಗದಲ್ಲಿ ಇನ್ನೂ ಜಾಸ್ತಿ. ಇದನ್ನು ಒಳಗಿನವರನ್ನೇ ಕೇಳಬೇಕು ಅಂದುಕೊಂಡೆ.

ಶುಕ್ರವಾರ, ಶನಿವಾರ ರಾತ್ರಿ ಇಂಥ ಕಡೆ ಕಾಲಿಡಬಾರದು. ಪುಸ್ತಕದಲ್ಲಿ ಹೆಸರು ಬರೆಸದೆ ವಾಪಸ್ ಬಂದೆವು. ವೈನಿ, ಅಂದರೆ ಗೆಳೆಯನ ಹೆಂಡತಿ, ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದರು. ನಷ್ಟ ಏನಾಗಲಿಲ್ಲ.

ಶನಿವಾರ ಬೆಳಿಗ್ಗೆ

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜ, ಹಾಗಾಗಿ ಶನಿವಾರ ಅಲ್ಲಿ ಜನ ಇನ್ನೂ ಜಾಸ್ತಿ. ಏಳಕ್ಕೆಲ್ಲ ಹೋಗಿದ್ದರಿಂದ ಜಾಗ ಸಿಕ್ಕಿತು. 1943ರಿಂದ ಇರುವ ಹೋಟೆಲು. ಗರಿಗರಿ, ದಪ್ಪ, ತುಪ್ಪ ಸೋರುವ ದೋಸೆ. ಮಾಣಿ ಒಂದೇ ಕೈಮೇಲೆ ತಟ್ಟೆಗಳನ್ನು ಅಟ್ಟಿ ಕಟ್ಟಿ ತರುವುದನ್ನು ನೋಡುವುದೇ ಒಂದು ಮಜಾ. ಇದರ ಬಗ್ಗೆ ಬರೆಯದವರೇ ಇಲ್ಲ, ನಾನು ಬಿಡುತ್ತೇನೆ.

ನ್ಯಾಷನಲ್ ಕಾಲೇಜಿನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದೆವು. ಮಳೆ ನಿಂತಿತ್ತು. ಮರಗಳು ಮಾತ್ರ ಇನ್ನೂ ತೊಟ್ಟಿಕ್ಕುತ್ತಿದ್ದವು. ಪಾರ್ಕಿನೊಳಗೆ ನಡೆದು ಕಸ್ತೂರಬಾ ರಸ್ತೆ ದಾಟಿ ವಿಠಲ್ ಮಲ್ಯ ರಸ್ತೆಗೆ ಬಂದರೆ ಯುಬಿ ಸಿಟಿ. ಗಾಜಿನ ಗೋಪುರ, ಒಳಗೆ ನಮ್ಮ ಕೈಗೆಟುಕದ ಅಂಗಡಿಗಳು. ಗೆಳೆಯ “ಇಲ್ಲೇನೈತಿ ಮಾರಾಯಾ” ಅಂತ ಗೊಣಗಿದ. ಈ ಜಾಗದಲ್ಲಿ ಮೊದಲು ಬಿಯರ್ ಕಾರ್ಖಾನೆಯೇ ಇತ್ತು ಅಂದಾಗ ಸ್ವಲ್ಪ ಮೆತ್ತಗಾದ.

ಬೆಂಗಳೂರಿಗೂ ಬಿಯರಿಗೂ ನಂಟು ಬೆಸೆದಿದ್ದು ದಂಡು ಪ್ರದೇಶದ ಬ್ರಿಟಿಷ್ ಸಿಪಾಯಿಗಳಿಂದ. ಅವರಿಗಾಗಿ ದಕ್ಷಿಣ ಭಾರತದಲ್ಲಿ ಅಲ್ಲಲ್ಲಿ ಚಿಕ್ಕ ಬ್ರೂವರಿಗಳಿದ್ದವು. ದೊಡ್ಡ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಯಲ್ಲಿ ಸಾಗಿಸುತ್ತಿದ್ದರಂತೆ. ಅಂಥ ಐದನ್ನು ಸೇರಿಸಿ ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಸ್ವಾತಂತ್ರ್ಯ ಬಂದ ವರ್ಷ ವಿಠಲ್ ಮಲ್ಯ ಅದರ ಆಡಳಿತ ಮಂಡಳಿ ಸೇರಿದರು. ಆಗ ಈ ರಸ್ತೆಯ ಹೆಸರು ಗ್ರ್ಯಾಂಟ್ ರೋಡ್. ಎಂಬತ್ತು ತೊಂಬತ್ತರ ದಶಕದಲ್ಲಿ ಬ್ರಿಗೇಡ್ ರಸ್ತೆಯ ಸುತ್ತ ಪಬ್‌ಗಳು ಬಂದು ಊರಿಗೆ ಪಬ್ ಸಿಟಿ ಅನ್ನುವ ಹೆಸರು ಬಿತ್ತು. ಆದರೆ ಅಲ್ಲಿ ಮಗ್ಗಿಗೆ ಸುರಿಯುತ್ತಿದ್ದದ್ದೆಲ್ಲ ದೊಡ್ಡ ಕಂಪನಿಗಳ ಅದೇ ಒಂದೆರಡು ಬಿಯರ್. ಸಣ್ಣ ಜಾಗಗಳಿಗೆ ತಮ್ಮದೇ ಬಿಯರ್ ಮಾಡಿ ಅಲ್ಲೇ ಮಾರಲು ಪರವಾನಗಿ ಸಿಕ್ಕಿದ್ದು 2010ರ ಆಸುಪಾಸಿನಲ್ಲಿ. ಎತ್ತಿನ ಗಾಡಿಯ ಕಾಲದ ಚಿಕ್ಕ ಬ್ರೂವರಿಗಳೇ ಒಂದು ಸುತ್ತು ಹೊಡೆದು ವಾಪಸ್ ಬಂದಿವೆ ಅನ್ನಿಸುತ್ತೆ ನನಗೆ.

ಶನಿವಾರ ಮಧ್ಯಾಹ್ನ

ಮೂರು ಗಂಟೆಗೆ ಹೋದರೆ ಅರ್ಧ ಖಾಲಿ. ಮೊದಲ ಮಹಡಿಯ ಕಿಟಕಿ ಪಕ್ಕದ ಮೇಜೇ ಸಿಕ್ಕಿತು. ವೈನಿಯೂ ಬಂದಿದ್ದರು. “ನಾ ಬರೇ ವಾಸನಿ ನೋಡ್ತೀನಿ” ಅಂತ ಹೇಳಿಯೇ ಹೊರಟಿದ್ದರು. ಮೇಲಿಂದ ನೋಡಿದರೆ ಗಾಜಿನಾಚೆ ತಾಮ್ರದ ಬಣ್ಣದ ಎರಡು ಹಂಡೆ, ಪಕ್ಕದಲ್ಲಿ ಆರು ಸ್ಟೀಲ್ ಟ್ಯಾಂಕು. ಬಾಗಿಲಲ್ಲಿ 21 ವರ್ಷ ತುಂಬಿರಬೇಕು ಅನ್ನುವ ಬೋರ್ಡು. ನಮ್ಮ ಬೋಳುತಲೆ ನೋಡಿ ಯಾರೂ ಕಾರ್ಡು ಕೇಳಲಿಲ್ಲ.

ಮೊದಲ ಸಲ ಹೋದವರು ಪೂರ್ತಿ ಗ್ಲಾಸ್ ಹೇಳುವುದು ಬೇಡ. ಸ್ಯಾಂಪ್ಲರ್ ಅಂತ ಕೇಳಿದರೆ ಮರದ ಹಲಗೆಯಲ್ಲಿ ಪುಟ್ಟ ಗ್ಲಾಸುಗಳನ್ನು ಸಾಲಾಗಿಟ್ಟು ತರುತ್ತಾರೆ. ಒಂದೊಂದರಲ್ಲಿ ನೂರು ಮಿಲಿ ಇರಬಹುದು. ತೆಳುವಿನಿಂದ ಶುರುಮಾಡಿ ಕಹಿಗೆ, ಕೊನೆಗೆ ಕಪ್ಪಿಗೆ ಹೋಗಬೇಕು. ಉಲ್ಟಾ ಹೋದರೆ ನಾಲಿಗೆಗೆ ತೆಳುವಿನದು ಬರೀ ನೀರು ಅನ್ನಿಸುತ್ತೆ.

ಪಟ್ಟಿಯಲ್ಲಿ ಏಳು ಹೆಸರಿದ್ದವು. ಲಾಗರ್ ಎದುರು ಮಾತ್ರ ಗೆರೆ ಎಳೆದಿತ್ತು. “ಇನ್ನೂ ರೆಡಿ ಇಲ್ಲ ಸರ್, ಟ್ಯಾಂಕಲ್ಲಿದೆ” ಅಂದ ಹುಡುಗ. ಹೊಸ ಬ್ರೂವರಿಯಲ್ಲಿ ಇದನ್ನು ಕೇಳಿದರೆ ಖುಷಿ ಪಡಬೇಕು. ಬೆಚ್ಚಗೆ, ಬೇಗ ಹುದುಗುವ ಏಲ್ ಜಾತಿಯ ಬಿಯರ್ ಎರಡು ವಾರಕ್ಕೆ ಗ್ಲಾಸಿಗೆ ಬರುತ್ತೆ. ಲಾಗರ್ ತಣ್ಣಗೆ ಐದಾರು ವಾರವಾದರೂ ಮಲಗಬೇಕು. ಅವಸರಕ್ಕೆ ತೆಗೆದು ಕೊಡುವ ಜಾಗಗಳೂ ಇವೆ.

ಹಲಗೆ ಬಂತು. ಗೆಳೆಯನಿಗೆ ಫೋಟೋ ಆಗಬೇಕು. ಬೆಳಕು ಸಾಲದು ಅಂತ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಕಿಟಕಿಯ ಕಟ್ಟೆ ಮೇಲಿಟ್ಟ. ಹತ್ತು ಫೋಟೋ ತೆಗೆದ. ವಾಪಸ್ ಇಡುವಾಗ ಯಾವುದು ಎಲ್ಲಿತ್ತು ಅಂತ ಅವನಿಗೇ ಗೊತ್ತಿಲ್ಲ. ಕಪ್ಪಗಿದ್ದದ್ದು ಸ್ಟೌಟ್, ಕೆಂಪು ಕಂದು ಇದ್ದದ್ದು ರಾಗಿ. ಅಷ್ಟು ಸರಿ. ಉಳಿದ ನಾಲ್ಕರಲ್ಲಿ ಎರಡು ಒಂದೇ ಥರ ಮಬ್ಬು ಹಳದಿ, ಎರಡು ಒಂದೇ ಥರ ಜೇನಿನ ಬಣ್ಣ.

ಆಗ ವೈನಿಯ ಮೂಗು ಕೆಲಸಕ್ಕೆ ಬಂತು. ಮಬ್ಬು ಇದ್ದ ಮೊದಲನೇದನ್ನು ಮೂಸಿ “ಇದರಾಗ ಕೊತ್ತಂಬರಿ ಬೀಜ ಐತಿ ನೋಡ್ರಿ” ಅಂದರು. ಹೌದು, ಅದು ವಿಟ್. ಬೆಲ್ಜಿಯಂ ಕಡೆಯ ಗೋಧಿ ಬಿಯರ್. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕೇ ಮಾಡೋದು. ಹೂಗಾರ್ಡನ್ ಎಂಬ ಊರಿನಲ್ಲಿ ಇದನ್ನು ಮಾಡುವವರೇ ಇಲ್ಲದಂತಾಗಿತ್ತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಎಂಬ ಹಾಲು ಮಾರುವವನು ಮತ್ತೆ ಶುರುಮಾಡಿದ. ವೈನಿ ಎರಡನೇದನ್ನು ಮೂಸಿ ಒಂದು ನಿಮಿಷ ಸುಮ್ಮನಿದ್ದು, “ಬಾಳಿಹಣ್ಣು. ಅದೂ ಪಚ್ಚಬಾಳಿ, ಪುಟ್ಟಬಾಳಿ ಅಲ್ಲ” ಅಂದರು. ಅದು ಜರ್ಮನ್ ಬಗೆಯ ಹೆಫೆವೈಜನ್. ಅದಕ್ಕೆ ಯಾವ ಹಣ್ಣೂ ಹಾಕಿರಲ್ಲ. ಆ ಪರಿಮಳ ಬರೋದು ಬಿಯರನ್ನು ಹುದುಗಿಸುವ ಯೀಸ್ಟಿನಿಂದ.

ಈ ಹೆಫೆವೈಜನ್ ಬಹಳ ಚೆನ್ನಾಗಿತ್ತು. ನೊರೆ ದಪ್ಪಗಿತ್ತು, ಗ್ಲಾಸು ಅರ್ಧ ಆದರೂ ಇಳಿಯಲಿಲ್ಲ. ಬಾಳೆಹಣ್ಣಿನ ಹಿಂದೆ ಒಂದು ಎಳೆ ಲವಂಗ. ನುಂಗಿದ ಮೇಲೆ ಬಾಯಿ ಸ್ವಚ್ಛ, ಇನ್ನೊಂದು ಗುಟುಕು ಬೇಕು ಅನ್ನಿಸಬೇಕು. ಅನ್ನಿಸಿತು. ಅಡುಗೆಯವನ ಕೈಗುಣ ನೋಡಬೇಕಾದರೆ ಹೋಳಿಗೆಯನ್ನಲ್ಲ, ತಿಳಿಸಾರನ್ನು ತಿಂದು ನೋಡಬೇಕು ಅಂತಾರಲ್ಲ, ಬಿಯರಿನಲ್ಲೂ ಅಷ್ಟೇ. ಮಾವು, ಕೋಕಂ, ಸ್ಟ್ರಾಬೆರಿ ಸುರಿದು ಸಾವಿರ ತಪ್ಪು ಮುಚ್ಚಬಹುದು. ಸಾದಾ ಗೋಧಿ ಬಿಯರಿನಲ್ಲಿ ಅಡಗಿಕೊಳ್ಳಲು ಜಾಗ ಇರಲ್ಲ. ಇಲ್ಲಿ ಮಾವಿನ ಬಿಯರ್ ಇರಲಿಲ್ಲ, ಪುಣ್ಯ.

ಜೇನಿನ ಬಣ್ಣದ ಜೋಡಿಯಲ್ಲಿ ಐಪಿಎ ಗೊತ್ತಾಗಿದ್ದು ಕಹಿಯಿಂದ. ಇಂಡಿಯಾ ಪೇಲ್ ಏಲ್ ಅಂತ ಹೆಸರಲ್ಲಿ ನಮ್ಮ ದೇಶ ಇದ್ದರೂ ಇದು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದ ಬಿಯರು. ತಿಂಗಳುಗಟ್ಟಲೆ ಸಮುದ್ರದಲ್ಲಿ ಕೆಡದಿರಲಿ ಅಂತ ಹಾಪ್ಸ್, ಅಂದರೆ ಬಿಯರಿಗೆ ಕಹಿ ಕೊಡುವ ಹೂವು, ಜಾಸ್ತಿ. ಇಲ್ಲಿನದು ಪರವಾಗಿಲ್ಲ. ಕಹಿ ಇತ್ತು, ಪರಿಮಳ ಕಮ್ಮಿ. ತಪ್ಪಿ ಪೆಪ್ಪರ್ ಚಿಕನ್ ಜೊತೆ ಇದನ್ನು ಕುಡಿದ ಗೆಳೆಯನ ಕಿವಿ ಕೆಂಪಾಯಿತು. ಹಾಪ್ಸಿನ ಕಹಿ ಖಾರವನ್ನು ಎರಡುಪಟ್ಟು ಮಾಡುತ್ತೆ. ಖಾರದ ತಿಂಡಿ ಹೇಳಿದ್ದರೆ ಗೋಧಿ ಬಿಯರೇ ಸರಿ. ಕಾಂಗ್ರೆಸ್ ಕಡಲೆಬೀಜ ಮಾತ್ರ ಎಲ್ಲದಕ್ಕೂ ಹೊಂದುತ್ತಿತ್ತು.

ಪೇಲ್ ಏಲ್‌ನಲ್ಲಿ ನನಗೆ ಬೆಣ್ಣೆ ವಾಸನೆ ಬಂತು. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್‌ನಲ್ಲಿ ಇರುತ್ತಲ್ಲ, ಅದೇ. ಹುಡುಗನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿ ಹೋದ. ಐದು ನಿಮಿಷಕ್ಕೆ ಗಂಬೂಟು ಹಾಕಿದ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಟಾರ್ಚು.

“ಬೆಣ್ಣೆ ವಾಸನೆ ಅಂದಿದ್ದು ನೀವಾ ಸರ್?”

ಅವಳೇ ಬ್ರೂವರ್. ಸಾಗರದ ಕಡೆಯವಳು. ಓದಿದ್ದು ಬಯೋಟೆಕ್ನಾಲಜಿ. ಗಲಾಟೆಗೆ ಬಂದಳೇನೋ ಅಂದುಕೊಂಡರೆ ನನ್ನ ಗ್ಲಾಸನ್ನೇ ಎತ್ತಿ ಮೂಸಿದಳು. “ಹೌದು, ಇದೆ. ಓಪನಿಂಗ್ ವಾರ ಟ್ಯಾಪ್ ಖಾಲಿಯಾಯ್ತು. ಎರಡು ದಿನ ಮುಂಚೆ ತಣ್ಣಗೆ ಮಾಡಿಬಿಟ್ವಿ. ಯೀಸ್ಟು ಆ ವಾಸನೆಯನ್ನ ತಾನೇ ತಿಂದು ಮುಗಿಸುತ್ತೆ ಸರ್, ಅದಕ್ಕೆ ಟೈಮ್ ಕೊಡಬೇಕಷ್ಟೇ.” ಆ ಗ್ಲಾಸನ್ನು ಬಿಲ್ಲಿನಿಂದ ತೆಗೆಯಲು ಹೇಳಿ ಕೂತಳು.

ರಾಗಿ ಬಿಯರ್ ಬಗ್ಗೆ ನಾನು ಬಾಯಿ ಬಿಡುವ ಮೊದಲೇ ಅವಳೇ “ಅದು ಇನ್ನೂ ಸರಿಬಂದಿಲ್ಲ” ಅಂದಳು. ನಿಜ, ಹುರಿದ ರಾಗಿಯ ಘಮ ಮೂಗಿಗೆ ಬಂದು, ಬಾಯಿಗೆ ಬರುವಷ್ಟರಲ್ಲಿ ಮಾಯವಾಗುತ್ತಿತ್ತು. ಬಾರ್ಲಿ ಕಾಳಿಗೆ ಮೇಲೊಂದು ಸಿಪ್ಪೆ ಇರುತ್ತೆ. ನೆನೆಸಿ ಸೋಸುವಾಗ ಆ ಸಿಪ್ಪೆಯೇ ಜರಡಿಯಾಗುತ್ತೆ. ರಾಗಿಗೆ ಆ ಥರ ಸಿಪ್ಪೆ ಇಲ್ಲ. ಮೊದಲ ಸಲ ಹಂಡೆಯ ತಳ ಕಟ್ಟಿಕೊಂಡು ಒಂದು ತೊಟ್ಟೂ ಇಳಿಯಲಿಲ್ಲವಂತೆ. “ಮುದ್ದೆ ಆಗೋಯ್ತು ಸರ್. ನಿಜವಾಗ್ಲೂ ಮುದ್ದೆ. ಎರಡನೇ ಸಲ ಭತ್ತದ ಹೊಟ್ಟು ಸೇರಿಸಿದೆ, ಆಗ ಇಳೀತು.” ಈಗ ಮೊಳಕೆ ಕಟ್ಟಿ ಒಣಗಿಸಿದ ರಾಗಿಯಲ್ಲಿ ಮಾಡಿ ನೋಡುವ ಯೋಚನೆ ಇದೆಯಂತೆ.

ನೀರಿನ ವಿಷಯ ಕೇಳಿದೆ. ಮುಖ ಗಂಭೀರವಾಯಿತು. ಬೋರ್‌ವೆಲ್ ನೀರು ಗಡಸು, ಹಾಗೇ ಬಳಸಲಾಗಲ್ಲ. ಆರ್‌ಒ ಮಾಡಿ, ಉಪ್ಪಿನಂಶ ಎಲ್ಲ ತೆಗೆದು, ಬೇಕಾದಷ್ಟು ಜಿಪ್ಸಮ್, ಕ್ಯಾಲ್ಸಿಯಂ ಕ್ಲೋರೈಡ್ ಮತ್ತೆ ಹಾಕುತ್ತಾರೆ. ಆರ್‌ಒನಲ್ಲಿ ಹೊರಬೀಳುವ ನೀರು ನೆಲ ತೊಳೆಯಲು, ಶೌಚಾಲಯಕ್ಕೆ. “ಎದುರುಮನೆ ಅಜ್ಜ ನನ್ನನ್ನೂ ಕೇಳಿದ್ರು. ಒಳಗೆ ಕರೆದುಕೊಂಡು ಬಂದು ತೋರಿಸಿದೆ. ಒಪ್ಪಲಿಲ್ಲ” ಅಂತ ನಕ್ಕಳು. ನನಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ತಿಂಗಳಿಗೆ ಎಷ್ಟು ಲೀಟರ್ ಅಂತ ಬಾಗಿಲಲ್ಲೇ ಬರೆದು ಹಾಕಿದರೆ ಅಜ್ಜನಿಗೂ ಸಮಾಧಾನ ಆಗಬಹುದು. ಹೇಳಿದೆ. ಓನರ್‌ಗೆ ಹೇಳ್ತೀನಿ ಅಂದಳು.

ಸ್ಟೌಟ್ ಕೊನೆಗೆ ಉಳಿದಿತ್ತು. ಚಿಕ್ಕಮಗಳೂರಿನ ಕಾಫಿ ಹಾಕಿದ್ದು. ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗೆ ಬಂದಾಗ ಬರೀ ಸುಟ್ಟ ರುಚಿ. ಮಾತಾಡುತ್ತ ಇಪ್ಪತ್ತು ನಿಮಿಷ ಬಿಟ್ಟೆವಲ್ಲ, ಆಗ ಕಾಫಿ, ಬೆಲ್ಲ ಎಲ್ಲ ಎದ್ದು ಬಂತು. ಕಪ್ಪು ಬಿಯರ್ ತಂದಿಟ್ಟ ಕೂಡಲೇ ಕುಡಿಯಬಾರದು. ಬರೀ ವಾಸನೆ ನೋಡಲು ಬಂದಿದ್ದ ವೈನಿ ಅದನ್ನು ಖಾಲಿ ಮಾಡಿದ್ದರು.

ಎದ್ದು ಹೊರಡುವಾಗ ಬ್ರೂವರ್ ಹುಡುಗಿ, “ನಾಳೆ ಬೆಳಿಗ್ಗೆ ಏಳಕ್ಕೆ ಹೊಸ ಬ್ಯಾಚ್ ಹಾಕ್ತಿದೀನಿ. ಬಂದ್ರೆ ನೋಡಬಹುದು. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬನ್ನಿ” ಅಂದಳು. ಜನ ಕಮ್ಮಿ ಇರುವ ಹೊತ್ತಿನಲ್ಲಿ ಕೇಳಿದರೆ ಇಂಥವರು ಸಾಮಾನ್ಯವಾಗಿ ಇಲ್ಲ ಅನ್ನಲ್ಲ.

ಭಾನುವಾರ

ಸರಕ್ಕಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಹೋದೆವು. ರಸ್ತೆ ತಿರುಗುವ ಮೊದಲೇ ವಾಸನೆ ಬಂತು. ಬೆಚ್ಚಗಿನ, ಸಿಹಿಯಾದ, ಅಂಬಲಿ ಕುದಿಯುವ ಹೊತ್ತಿನ ವಾಸನೆ. ಬಾಗಿಲು ಅರ್ಧ ತೆರೆದಿತ್ತು.

ಒಳಗೆ ನೂರು ಕಿಲೋ ಚಿಲ್ಲರೆ ಮಾಲ್ಟ್, ಅಂದರೆ ಮೊಳಕೆ ಕಟ್ಟಿ ಒಣಗಿಸಿದ ಕಾಳು, ಗಿರಣಿಗೆ ಹೋಗಿ ಮುಗಿದಿತ್ತು. ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್, ಉಳಿದದ್ದು ಬಾರ್ಲಿ. ನುಣ್ಣಗೆ ಪುಡಿ ಮಾಡಲ್ಲ, ಕಾಳು ಬಿರಿದರೆ ಸಾಕು. ಅದು ಹಂಡೆಯಲ್ಲಿ ಬಿಸಿನೀರಿನ ಜೊತೆ ಗಟ್ಟಿ ಗಂಜಿಯ ಹಾಗೆ ತಿರುಗುತ್ತಿತ್ತು. ಮೀಟರಿನಲ್ಲಿ 66 ಡಿಗ್ರಿ. ಆ ಹುಡುಗಿಯ ಕಣ್ಣು ಪೂರ್ತಿ ಆ ಅಂಕಿಯ ಮೇಲೆ. ಒಂದೆರಡು ಡಿಗ್ರಿ ಮೇಲೆ ಹೋದರೆ ಬಿಯರ್ ಸಿಹಿಯಾಗಿ ಮಂದವಾಗುತ್ತೆ, ಕೆಳಗಿಳಿದರೆ ತೆಳುವಾಗಿ ಒಣಕಲಾಗುತ್ತೆ. ಒಂದು ಗಂಟೆಯಾದ ಮೇಲೆ ತಳದ ನಲ್ಲಿಯಿಂದ ಸೋಸಿದ ರಸ ಇಳಿಯಿತು. ಮೊದಲು ಮಬ್ಬು, ಆಮೇಲೆ ತಿಳಿ. ಲೋಟದಲ್ಲಿ ಕೊಟ್ಟಳು. ಹಾರ್ಲಿಕ್ಸ್ ಗೊತ್ತಿದ್ದವರಿಗೆ ರುಚಿ ಹೇಳಬೇಕಾಗಿಲ್ಲ.

ಅದನ್ನು ಇನ್ನೊಂದು ಹಂಡೆಯಲ್ಲಿ ಒಂದು ಗಂಟೆ ಕುದಿಸಬೇಕು. ಕುದಿ ಬರುವ ಹೊತ್ತಿಗೆ ಹಾಪ್ಸ್ ಬಿತ್ತು. ಹಸಿರು ಗುಳಿಗೆಗಳು, ನೋಡಲು ಕೋಳಿ ಫೀಡಿನಂತೆ ಇರುತ್ತವೆ. ಒಂದನ್ನು ಅಂಗೈಯಲ್ಲಿ ಉಜ್ಜಿ ಮೂಸಿದೆ. ಹುಲ್ಲು, ನಿಂಬೆ ಸಿಪ್ಪೆ, ಒಂಚೂರು ಮೆಣಸು. ಮಧ್ಯಾಹ್ನದವರೆಗೂ ಕೈಯಿಂದ ಹೋಗಲಿಲ್ಲ. ಇದು ಚಳಿ ನಾಡಿನ ಬಳ್ಳಿಯ ಹೂವು. ನಮ್ಮಲ್ಲಿ ಹಿಮಾಚಲದ ಲಾಹೌಲ್ ಕಡೆ ಸ್ವಲ್ಪ ಬೆಳೆಯುತ್ತಾರೆ, ಉಳಿದದ್ದೆಲ್ಲ ಹೊರದೇಶದಿಂದ ಬರೋದು.

ನೊರೆ ಒಮ್ಮೆಲೇ ಏರಿತು. ಹುಡುಗಿ ನೀರಿನ ಪೈಪು ಹಿಡಿದು ಮೇಲಿಂದ ಚಿಮುಕಿಸಿದಳು. ಆದರೂ ಒಂದು ಹೊಳೆ ಉಕ್ಕಿ ಹೊರಬಂದು ಗೆಳೆಯನ ಬಿಳಿ ಶೂ ಮೇಲೆ ಸುರಿಯಿತು. ಬಿಸಿ ಅಷ್ಟಿರಲಿಲ್ಲ, ಅಂಟು ಮಾತ್ರ ವಿಪರೀತ. ಸಂಜೆಯವರೆಗೂ ಅವನು ನಡೆದ ಕಡೆಯೆಲ್ಲ ಚಟಕ್ ಚಟಕ್ ಸದ್ದು.

ಅಷ್ಟರಲ್ಲಿ ಹಿಂಬಾಗಿಲಿಗೆ ಟಾಟಾ ಏಸ್ ಬಂತು. ಕಗ್ಗಲೀಪುರದ ಕಡೆಯ ರೈತರು, ಆರು ಹಸು ಇಟ್ಟಿದ್ದಾರೆ. ಸೋಸಿ ಉಳಿದ ಒದ್ದೆ ಮಾಲ್ಟನ್ನು ಡ್ರಮ್ಮುಗಳಿಗೆ ತುಂಬಿಕೊಂಡು ಹೋಗುತ್ತಾರೆ. ಹಿಂಡಿಗೆ ಕೊಡುವ ದುಡ್ಡು ಅಷ್ಟು ಉಳಿಯುತ್ತೆ.

“ಮೊದ್ಲು ಎರಡು ದಿನ ಮೂಸಿ ಬಿಟ್ಬಿಡ್ತು. ಆಮೇಲೆ ಗಾಡಿ ಸದ್ದು ಕೇಳಿದ್ರೆ ಎದ್ದು ನಿಂತ್ಕೊಳ್ತವೆ” ಅಂದರು. “ಆದ್ರೆ ಇವತ್ತಿಂದು ಇವತ್ತೇ ಹಾಕ್ಬೇಕು ಸ್ವಾಮಿ. ನಾಳೆಗಿಟ್ರೆ ಹುಳಿ ಹಿಡೀತದೆ. ಅದೂ ಮಿತವಾಗಿ, ಒಣಹುಲ್ಲಿನ ಜೊತೆ.”

“ಊರಾಗ ಏನಂತಾರ್ರೀ ಮಂದಿ?” ಗೆಳೆಯ ಕೇಳಿದ.

“ಏನಂತಾರೆ, ನಿನ್ನ ಹಸು ತೂರಾಡುತ್ತಾ, ಹಾಲಲ್ಲಿ ಕಿಕ್ಕು ಬರುತ್ತಾ ಅಂತಾರೆ. ಡೈರಿ ಸೆಕ್ರೆಟರಿನೂ ಒಂದಿನ ಕೇಳ್ದ.”

ಯೀಸ್ಟ್ ಹಾಕುವುದಕ್ಕೂ ಮೊದಲೇ ಇದು ಹೊರಗೆ ಬಂದಿರುತ್ತೆ, ಮದ್ಯದ ಒಂದು ಹನಿಯೂ ಇರಲ್ಲ. ಅದನ್ನು ಸೆಕ್ರೆಟರಿಗೆ ಹೇಗೆ ತಿಳಿಸಿದಿರಿ ಅಂದೆ. “ತಿಳಿಸ್ಲಿಲ್ಲ. ಬಂದು ಕುಡಿದು ನೋಡಪ್ಪ ಅಂದೆ.” ಡ್ರಮ್ಮಿಗೆ ಹಗ್ಗ ಬಿಗಿದು ಹೊರಟೇಬಿಟ್ಟರು. ಎದುರುಮನೆ ಅಜ್ಜ ಗೇಟಿನಲ್ಲಿ ನಿಂತು ಪೂರ್ತಿ ನೋಡುತ್ತಿದ್ದರು. ಅವರ ಗೇಟಿನ ಮುಂದೆ ಆಗ ಯಾವ ಕಾರೂ ಇರಲಿಲ್ಲ.

ಹೊರಡುವ ಮೊದಲು ಹುಡುಗಿ ಕೊನೆಯ ಟ್ಯಾಂಕಿನ ಪುಟ್ಟ ನಲ್ಲಿ ತಿರುಗಿಸಿ ಎರಡು ಗುಟುಕು ಲಾಗರ್ ಹಿಡಿದುಕೊಟ್ಟಳು. ಬೇಯಿಸಿದ ಮೊಟ್ಟೆಯ ಸಣ್ಣ ವಾಸನೆ ಇನ್ನೂ ಇತ್ತು, ತಣ್ಣಗೆ ಮಲಗಿದರೆ ಹೋಗುತ್ತಂತೆ. ಅದರ ಅಡಿಯಲ್ಲಿ ಬಿಸ್ಕತ್ತಿನಂಥ ಮಾಲ್ಟ್, ಚುರುಕಾದ ಕಹಿ. ಅಲ್ಲಿ ಕುಡಿದಿದ್ದರಲ್ಲೆಲ್ಲ ನನಗೆ ಹಿಡಿಸಿದ್ದು ಆ ಅರೆಬೆಂದ ಎರಡು ಗುಟುಕೇ. ಇನ್ನು ಮೂರು ವಾರ ಬೇಕು ಅಂದಳು. ಮಾಲೀಕರು ಮುಂದಿನ ಶುಕ್ರವಾರವೇ ಟ್ಯಾಪಿಗೆ ಹಾಕು ಅನ್ನುತ್ತಿದ್ದಾರಂತೆ. ಹಾಗಾಗಿ ನೀವು ಹೋದಾಗ ಲಾಗರ್ ಸಿಕ್ಕರೆ, ಯಾವಾಗ ಟ್ಯಾಂಕಿಗೆ ಹಾಕಿದ್ದು ಅಂತ ಮೊದಲು ಕೇಳಿ. ತಾರೀಖು ಹೇಳಲು ತಡವರಿಸಿದರೆ ಹೆಫೆವೈಜನ್ ತರಿಸಿಕೊಳ್ಳಿ.